ನಿಂತಾಗಲೂ ತಂಪಿರಬೇಕು

ಕಾರು ಹತ್ತುವ ಮುನ್ನ ಮಾದೇವಣ್ಣ ತನ್ನ ಎಡಗಾಲನ್ನು ಬಿಚ್ಚಿ ಹಿಂದಿನ ಸೀಟಿನಲ್ಲಿ ನನ್ನ ಪಕ್ಕಕ್ಕೆ ಇಡುತ್ತಿದ್ದ. ಅದು ಕೃತಕ ಕಾಲು. ನಿಜವಾದದ್ದು ಲಾರಿ ಅಪಘಾತದಲ್ಲಿ ಹೋಗಿತ್ತು. "ಬೀಳ್ದಂಗೆ ಇಡ್ಕಳವ್ವ. ಅದ್ಕೂ ಟಿಕೆಟ್ ಇಲ್ಲ, ನಿಂಗೂ ಇಲ್ಲ" ಅನ್ನುತ್ತಿದ್ದ.

ಗೋಪಿನಾಥಂನಲ್ಲಿ ಅವನ ಮನೆ ನಮ್ಮ ಪಕ್ಕದ್ದು. ಹೆಂಡತಿ ಚಿಕ್ಕತಾಯಕ್ಕನಿಗೆ ಎರಡೂ ಕಿಡ್ನಿ ಹೋಗಿ, ವಾರಕ್ಕೆರಡು ಸಲ ಕೊಳ್ಳೇಗಾಲದಲ್ಲಿ ಡಯಾಲಿಸಿಸ್. ಬಸ್ಸು ನಂಬಿದರೆ ಆಗದೆಂದು ಹಳೆಯದೊಂದು ಆಟೋಮ್ಯಾಟಿಕ್ ಕಾರು ತಂದಿದ್ದ. ಅದಕ್ಕೆ ಕ್ಲಚ್ ಇಲ್ಲ, ಎಡಗಾಲು ಬೇಡ. ಸೋಮವಾರ ಅವರ ಜೊತೆ ನಾನೂ ಕೊಳ್ಳೇಗಾಲದ ಹಾಸ್ಟೆಲಿಗೆ ಹೋಗುತ್ತಿದ್ದೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೊಟ್ಟೆ ಕಟ್ಟಿ ಓದಿದ್ದೇನೆ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಆ ಓದಿನಲ್ಲೊಂದು ಪಾಲು ಆ ಹಿಂದಿನ ಸೀಟಿನಲ್ಲೇ ನಡೆದದ್ದು.

ಕಾರಿನ ರೋಗ ಗೇರ್‌ಬಾಕ್ಸಿನದು. ವಾಪಸು ಬರುವಾಗ ಹನೂರು ದಾಟಿ ತಾಳಬೆಟ್ಟದ ಘಾಟಿ ಹತ್ತುತ್ತಿದ್ದಂತೆ ಒಳಗಿನ ಎಣ್ಣೆ ಕಾದು ಸುಟ್ಟ ವಾಸನೆ ಬರುತ್ತಿತ್ತು. ಎಣ್ಣೆ ತಣಿಸಲು ಬೇರೆ ಕೂಲರ್ ಹಾಕಿಸದಿದ್ದರೆ ಗೇರ್‌ಬಾಕ್ಸ್ ಹೋಗುತ್ತದೆಂದು ಮೆಕ್ಯಾನಿಕ್ ಹೇಳಿಬಿಟ್ಟಿದ್ದ. ಅದು ಹೋದರೆ ಮಾದೇವಣ್ಣ ಓಡಿಸಬಲ್ಲ ಇನ್ನೊಂದು ಗಾಡಿ ಊರಲ್ಲಿರಲಿಲ್ಲ. ಚಿಕ್ಕತಾಯಕ್ಕನಿಗೆ ಒಂದು ಸರದಿ ತಪ್ಪಿದರೂ ಮುಖ ಊದಿ ಉಸಿರು ಕಟ್ಟುತ್ತಿತ್ತು.

ಕೊಳ್ಳೇಗಾಲದ ಅಂಗಡಿಯವನು ರೇಡಿಯೇಟರಿನಷ್ಟೇ ಅಗಲದ್ದೊಂದನ್ನು ಮುಂದಿಟ್ಟ. "ದೊಡ್ಡದೇ ತಕಳಣ್ಣ. ದೊಡ್ಡದಾದಷ್ಟೂ ತಂಪು."

"ಗಾಳಿನೂ ನೀನೇ ಕೊಡ್ತೀಯಾ?" ಅಂದ ಮಾದೇವಣ್ಣ. "ಅಮಾಸೆ ದಿನ ಬೆಟ್ಟದ ದೇವ್ರಿಗೆ ಹೋಗೋ ಗಾಡಿಗಳು ಘಾಟಿಲಿ ಇರುವೆ ಸಾಲಿದ್ದಂಗೆ ನಿಂತಿರ್ತವೆ. ಓಡ್ವಾಗ ಎಲ್ಲಾನೂ ತಂಪೇ ಕಣಪ್ಪ. ನಿಂತಾಗ್ಲೂ ತಂಪಿರ್ಬೇಕು. ಇದ ಮುಂದಕ್ಕೆ ಕಟ್ಟಿದ್ರೆ ರೇಡಿಯೇಟರ್‌ಗೂ ಗಾಳಿ ಸಿಕ್ಕಾಕಿಲ್ಲ."

ಸ್ವಂತ ಫ್ಯಾನ್ ಇರುವ ಚಿಕ್ಕದೇ ಬೇಕೆಂದು ಹಟ ಹಿಡಿದ. ಇನ್ನೂ ಎರಡು ಅಂಗಡಿ ಸುತ್ತಿ, ಕೊನೆಗೆ ಮೈಸೂರಿನಿಂದ ತರಿಸಲು ಹೇಳಿ ಬಂದ.

ಕಾರಿನಲ್ಲೇ ಕೂತಿದ್ದ ಚಿಕ್ಕತಾಯಕ್ಕ ನನ್ನ ಕಡೆ ತಿರುಗಿದಳು. "ನೋಡವ್ವ, ಕೂಲರಿಗೆ ಮೂರಂಗ್ಡಿ ತಿರುಗ್ತಾನೆ. ನನ್ನ ನೋಡಕ್ ಬಂದಾಗ ಒಂದ್ಲೋಟ ಕಾಪಿ ಮುಗಿಯೋದ್ರೊಳ್ಗೆ ಒಪ್ಕಂಡ್ಬುಟ್ಟ."

"ಕಾಪಿ ಚೆನ್ನಾಗಿತ್ತು ಕಣಮ್ಮಿ" ಅಂದ ಅವನು.

ಕೂಲರ್ ಬಂತು, ಬಂಪರಿನ ಹಿಂದೆ ಒಂದು ಬದಿಗೆ ಕೂತಿತು. ಒಂದು ಅಮಾವಾಸ್ಯೆ, ರಜೆಗೆಂದು ನಾನೂ ಅವರ ಜೊತೆ ಊರಿಗೆ ಹೊರಟಿದ್ದೆ. ಘಾಟಿಯಲ್ಲಿ ಸಿಕ್ಕಿಕೊಂಡೆವು. ಹಿಂದೆ ಮುಂದೆ ಗಾಡಿಗಳು ಬಾನೆಟ್ ತೆರೆದು ಹಬೆ ಉಗುಳುತ್ತಿದ್ದವು. ನಮ್ಮದರ ಫ್ಯಾನು ಗುಯ್ಗುಡುತ್ತಿತ್ತು. ಡಯಾಲಿಸಿಸ್ ಮುಗಿಸಿದ ಚಿಕ್ಕತಾಯಕ್ಕ ಸೋತು ನಿದ್ದೆಹೋಗಿದ್ದಳು. ಮಾದೇವಣ್ಣ ಮೂಗರಳಿಸಿ ಸುಟ್ಟ ವಾಸನೆಗಾಗಿ ಕಾಯುತ್ತಲೇ ಇದ್ದ. ಬರಲಿಲ್ಲ.

ಆಮೇಲೆ ಒಂದು ಸರದಿಯೂ ತಪ್ಪಲಿಲ್ಲ. ಆದರೂ ಬೇಸಿಗೆಯ ಒಂದು ಸೋಮವಾರ, ಹೊತ್ತಿಗೆ ಮುಂಚೆಯೇ ಆಸ್ಪತ್ರೆ ತಲುಪಿದ ಮೇಲೆ, ಮೆಷಿನ್ನಿನ ಪಕ್ಕದ ಮಂಚದಲ್ಲೇ ಚಿಕ್ಕತಾಯಕ್ಕನ ಎದೆಬಡಿತ ನಿಂತಿತು. ಅದೇ ಕಾರಿನಲ್ಲಿ ಅವಳನ್ನು ಊರಿಗೆ ತಂದೆವು. ತಲೆ ನನ್ನ ತೊಡೆಯ ಮೇಲಿತ್ತು. ಘಾಟಿಯನ್ನು ಕಾರು ಸಲೀಸಾಗಿ ಹತ್ತಿತು.

ಅವನನ್ನು ಕಡೆಯ ಸಲ ಕಂಡದ್ದು ಹನೂರು ಬಸ್ ನಿಲ್ದಾಣದಲ್ಲಿ. ಊರಿನ ಬಸ್ಸಿಗೆಂದು ಬೆಂಚಿನ ಮೇಲೆ ಕೂತಿದ್ದ, ನಾನು ಕೊಳ್ಳೇಗಾಲದ ಬಸ್ಸಿಗೆ ಕಾಯುತ್ತಿದ್ದೆ. ಡಿಗ್ರಿ ಮುಗಿಯಿತು, ಕೆಲಸ ಸಿಕ್ಕಿತು ಅಂದೆ. ತಲೆಯಾಡಿಸಿದ. ಕಾರನ್ನು ಯಳಂದೂರಿನವರಿಗೆ ಮಾರಿದೆನೆಂದ.

"ಚೆನ್ನಾಗಿ ಓಡ್ತಿತ್ತಲ್ಲಣ್ಣ."

"ಅದ್ಕೇ ಮಾರ್ದೆ. ಒಂದ್ಸಲ ಕೆಟ್ಟು ನಿಂತಿದ್ರೆ ಅದ್ನೇ ಬಯ್ಕಂಡು ಇರ್ತಿದ್ದೆ ಕಣವ್ವ. ಈಗ ಯಾರ್ನ ಬಯ್ಲಿ?"

ಗೋಪಿನಾಥಂ ಬಸ್ಸು ಬಂತು. ಜನ ನುಗ್ಗಿ ಹತ್ತಿದರು. ಸಂಜೆಯವರೆಗೆ ಬೇರೆ ಬಸ್ಸಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಬಸ್ಸು ಹೊರಟುಹೋಯಿತು. ಅವನು ಕೂತೇ ಇದ್ದ.