ವೈನಿಯ ಗೇಮಿಂಗ್ ಕಂಪ್ಯೂಟರ್

ನಾನು ಗೋಕಾಕದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಸಂಜೆ ಮನೆಗೆ ಬಂದು ಚಹಾ ಕುಡಿದ ಮೇಲೆ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುತ್ತೇನೆ. ಮೊದಲನೆಯ ಮಾತನ್ನು ಎಲ್ಲರಿಗೂ ಹೇಳುತ್ತೇನೆ, ಎರಡನೆಯದನ್ನು ಶಾಲೆಯಲ್ಲಿ ಯಾರಿಗೂ ಹೇಳುವುದಿಲ್ಲ.

ಮೊದಲು ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೇ ಆಡುತ್ತಿದ್ದೆ. ರಸ್ತೆಯ ತಿರುವು ಪರದೆಯ ಮೇಲೆ ಮೂಡುವಷ್ಟರಲ್ಲಿ ನನ್ನ ಕಾರು ಗೋಡೆಗೆ ಬಡಿದು ಹೋಗಿರುತ್ತಿತ್ತು. ಹೀಗೆ ಬಡಿದುಕೊಂಡು ಬಡಿದುಕೊಂಡು ಸಾಕಾಗಿ, ನನ್ನ ಭಿಶಿ ಚೀಟಿ ಎದ್ದ ತಿಂಗಳು, ಬಂದ ಅರವತ್ತು ಸಾವಿರಕ್ಕೆ ಒಂದು ಗೇಮಿಂಗ್ ಕಂಪ್ಯೂಟರ್ ಜೋಡಿಸುತ್ತೇನೆ, ಅದರ ಮೇಲೆ ಒಂದು ರೂಪಾಯಿಯನ್ನೂ ಹಾಕುವುದಿಲ್ಲ ಎಂದು ಮನೆಯಲ್ಲಿ ಹೇಳಿದೆ.

ಹೇಳಿದ್ದೇ ತಡ, ಎಲ್ಲರಿಗೂ ಕಂಪ್ಯೂಟರಿನ ಬಗ್ಗೆ ತಿಳಿವಳಿಕೆ ಬಂದುಬಿಟ್ಟಿತು. ಗೊಬ್ಬರದ ಅಂಗಡಿ ನಡೆಸುವ ನಮ್ಮ ಮನೆಯವರು, ಹೇಗೂ ತರುತ್ತೀ, ಅಂಗಡಿಯ ಬಿಲ್ಲುಗಳಿಗೆ ಅನುಕೂಲವಾಗುವಂಥದ್ದು ತಾ ಎಂದರು. ಅತ್ತೆಯವರು ಕಂಪ್ಯೂಟರಿನ ವಿಷಯವನ್ನೇ ಎತ್ತದೆ ಬಂಗಾರದ ಬಳೆಗಳ ವಿಷಯ ಎತ್ತಿದರು. ನನ್ನನ್ನು ವೈನಿ ಎಂದು ಕರೆಯುವ ಮೈದುನ ಮಾತ್ರ ಬಾಯಿಂದ ಏನೂ ಹೇಳದೆ, ಇಡೀ ಕೆಲಸವನ್ನು ತನ್ನ ಕೈಗೆ ತೆಗೆದುಕೊಂಡ.

ಅವನು ಬೆಳಗಾವಿಯಲ್ಲಿ ಎರಡು ವರ್ಷ ಇಂಜಿನಿಯರಿಂಗ್ ಓದಿ, ಅಷ್ಟು ಸಾಕೆನಿಸಿ ಊರಿಗೆ ಬಂದವನು. ಅಂದಿನಿಂದ ನಮ್ಮ ಮನೆಯಲ್ಲಿ ವೈರ್ ಇರುವ ವಸ್ತುಗಳೆಲ್ಲ ಅವನ ಸುಪರ್ದಿಗೆ ಸೇರಿವೆ. ಮಿಕ್ಸರ್ ಕೆಟ್ಟರೆ ಮೊದಲು ಅವನನ್ನು ಕರೆಯುತ್ತಾರೆ. ಅವನು ನೋಡಿದ ಮೇಲೆ ಹೊಸ ಮಿಕ್ಸರ್ ತರುತ್ತಾರೆ.

ಹುಕ್ಕೇರಿಯಲ್ಲಿ ಅವನ ಗೆಳೆಯನ ಕಂಪ್ಯೂಟರ್ ಅಂಗಡಿ ಇತ್ತು. ಅಲ್ಲಿಗೆ ಕರೆದುಕೊಂಡು ಹೋದ. ಬಾಗಿಲ ಎದುರಿಗೇ ಗಾಜಿನ ಬದಿಯ ಒಂದು ಕ್ಯಾಬಿನೆಟ್, ಅದರ ತುಂಬ ಕೆಂಪು, ಹಸಿರು, ನೀಲಿ ದೀಪದ ಫ್ಯಾನುಗಳು ತಿರುಗುತ್ತಿದ್ದವು. ಬಗ್ಗಿ ನೋಡಿದರೆ ಫ್ಯಾನುಗಳ ಹೊರತು ಒಳಗೆ ಏನೂ ಇರಲಿಲ್ಲ. ಯಾವುದನ್ನು ತಂಪು ಮಾಡಲು ತಿರುಗುತ್ತಿವೆ ಎಂದು ಕೇಳಬೇಕೆನಿಸಿತು.

ಅಂಗಡಿಯವರು ಮಗ ಎಷ್ಟನೇ ಕ್ಲಾಸು ಎಂದು ವಿಚಾರಿಸಿದರು. ಮಗನಿಗಲ್ಲ, ನನಗೇ ಎಂದೆ. ಅವರು ಮೆಲ್ಲಗೆ ನಕ್ಕು ಮೈದುನನ ಕಡೆ ತಿರುಗಿದವರು, ಮುಂದೆ ಅರ್ಧ ತಾಸು ಈ ಕಡೆ ತಿರುಗಲೇ ಇಲ್ಲ. ಪ್ರಶ್ನೆ ನಾನು ಕೇಳುತ್ತಿದ್ದೆ, ಉತ್ತರ ಅವನಿಗೆ ಹೋಗುತ್ತಿತ್ತು. ಅವನು ಎಲ್ಲ ತಿಳಿದವನಂತೆ ಗೋಣು ಹಾಕುತ್ತಿದ್ದ.

ಅವರಿಬ್ಬರೂ ಸೇರಿ ನನ್ನ ಅರವತ್ತು ಸಾವಿರಕ್ಕೆ ಮಾಡಿದ ಆಯ್ಕೆ ನೋಡುವಂತಿತ್ತು: ಭಾರಿ ಪ್ರೊಸೆಸರ್, ಆ ಗಾಜಿನ ಕ್ಯಾಬಿನೆಟ್, ಅದರ ಅಷ್ಟೂ ಫ್ಯಾನು, ಮಿನುಗುವ ಕೀಬೋರ್ಡು. ಇಷ್ಟೆಲ್ಲ ಆಗಿ ಉಳಿದ ಚಿಲ್ಲರೆಯಲ್ಲಿ ಹೆಸರೇ ಕೇಳದ ಕಂಪನಿಯ ಪವರ್ ಸಪ್ಲೈ ಮತ್ತು ಹಳೆಯ ಕಾಲದ ಪುಟ್ಟ ಗ್ರಾಫಿಕ್ಸ್ ಕಾರ್ಡ್. ಆಟದ ಕಂಪ್ಯೂಟರಿನಲ್ಲಿ ಚಿತ್ರ ಓಡಿಸುವುದೇ ಆ ಕಾರ್ಡು, ದುಡ್ಡಿನ ದೊಡ್ಡ ಪಾಲು ಅದಕ್ಕೇ ಹೋಗಬೇಕು, ನೀವು ತಿರುಗುಮುರುಗು ಮಾಡಿದ್ದೀರಿ ಎಂದೆ. ಆಗ ಅಂಗಡಿಯವರು ಮೊದಲ ಸಲ ನನ್ನ ಕಡೆ ನೋಡಿದರು.

“ಅಕ್ಕಾರ, ಮೊದಲ ನೋಡಾಕ ಛಂದ ಇರಬೇಕ್ರಿ. ಒಳಗಿಂದು ಆಮ್ಯಾಲ ಹಾಕ್ಕೊಳ್ಳಾಕ ಬರತೈತಿ.”

“ನಾ ಮಾನಿಟರ್ ನೋಡ್ಕೋತ ಆಡಾಕಿರಿ, ಡಬ್ಬಿ ನೋಡ್ಕೋತ ಕುಂದ್ರಾಕಿ ಅಲ್ಲ” ಎಂದೆ.

ಮೈದುನ ಕೆಮ್ಮಿದ. ಗೆಳೆಯನ ಮುಂದೆ ಅವನ ಮರ್ಯಾದೆ ಹೋಗಿತ್ತು. ಹೋಗಲಿ ಬಿಡು ಎಂದು ನಾನೇ ಆರಿಸಲು ಶುರು ಮಾಡಿದೆ: ಸಾಧಾರಣ ಪ್ರೊಸೆಸರ್, ಅದಕ್ಕೆ ಹೊಂದುವ ಮದರ್‌ಬೋರ್ಡ್, ರ್ಯಾಮ್, ಗಟ್ಟಿ ಪವರ್ ಸಪ್ಲೈ, ಒಂದು ಮಾನಿಟರ್. ಪ್ರೊಸೆಸರಿನಲ್ಲೂ ಅಗ್ಗದ್ದನ್ನೇ ಹಿಡಿದೆ. ಅದಕ್ಕೆ ಸ್ವಂತವಾಗಿ ಚಿತ್ರ ತೋರಿಸುವ ಶಕ್ತಿ ಇಲ್ಲ, ಆ ಕೆಲಸವೆಲ್ಲ ಗ್ರಾಫಿಕ್ಸ್ ಕಾರ್ಡಿನದೇ. ಮೂಲೆಯಲ್ಲಿ ಧೂಳು ಹಿಡಿದಿದ್ದ ಕಪ್ಪು ತಗಡಿನ ಕ್ಯಾಬಿನೆಟ್ ಕೊಡಿ ಎಂದಾಗ, ಅದನ್ನು ಸರಕಾರಿ ಆಫೀಸಿನವರು ಒಯ್ಯುತ್ತಾರೆ ಎಂದು ಅಂಗಡಿಯವರು ಕನಿಕರದಿಂದ ಹೇಳಿದರು.

ಉಳಿದ ದುಡ್ಡಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಬರುವಂತಿರಲಿಲ್ಲ. ಮೊಬೈಲಿನಲ್ಲಿ ಹುಡುಕುತ್ತಿದ್ದಾಗ, ನನಗೆ ಬೇಕಾದ ಕಾರ್ಡನ್ನೇ ಮೂಡಲಗಿಯ ಒಬ್ಬರು ಮಾರಲು ಇಟ್ಟಿದ್ದು ಕಂಡಿತು. ರವಿವಾರ ನಾನೂ ಮೈದುನನೂ ಹೋದೆವು.

ಮನೆಗೆ ಹೊಸದಾಗಿ ಬಣ್ಣ ಹೊಡೆದಿದ್ದರು. ಮಾರುವವನು ಒಂದು ಸಹಕಾರಿ ಸೊಸೈಟಿಯಲ್ಲಿ ಕೆಲಸಕ್ಕಿದ್ದ, ಮದುವೆಯ ವಯಸ್ಸಿನ ಯುವಕ. ಅವನ ತಾಯಿ ಚೂಡಾ, ಚಹಾ ತಂದಿಟ್ಟರು. ಮೈದುನ ಯಾವುದೋ ವಿಡಿಯೋದಲ್ಲಿ ನೋಡಿಕೊಂಡು ಬಂದಿದ್ದ ಪ್ರಶ್ನೆಯನ್ನು ಹೊರತೆಗೆದ. ಈ ಕಾರ್ಡನ್ನು ಹಗಲೂ ರಾತ್ರಿ ಹಚ್ಚಿಟ್ಟು ಕ್ರಿಪ್ಟೋ ದುಡ್ಡು ಗಳಿಸಲು ಬಳಸಿದ್ದೀರಾ ಎಂದು ಪೊಲೀಸರ ಧಾಟಿಯಲ್ಲಿ ಕೇಳಿದ. ಅಷ್ಟು ಹೊತ್ತು ಕರೆಂಟ್ ಇದ್ದರೆ ನೋಡುತ್ತಿದ್ದೆ ಎಂದ ಆ ಯುವಕ.

ಇಷ್ಟು ಚೆನ್ನಾಗಿರುವುದನ್ನು ಯಾಕೆ ಮಾರುತ್ತೀರಿ ಎಂದು ನಾನು ಕೇಳಿದೆ. ಅವನು ಏನೋ ಹಾರಿಕೆಯ ಮಾತಾಡಿದ. ತಾಯಿಗೆ ತಡೆಯಲಾಗಲಿಲ್ಲ. ಮುಂದಿನ ವಾರ ಮಸಗುಪ್ಪಿಯಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು.

“ಇಷ್ಟ ದೊಡ್ಡಾಂವ ಇನ್ನೂ ಆಟ ಆಡತಾನಂದ್ರ ಯಾರರ ಹೆಣ್ಣ ಕೊಡ್ತಾರೇನ್ರಿ?” ಎಂದವರು, ಸ್ವಲ್ಪ ತಡೆದು, “ನಿಮ್ಮ ಮಗಗ ಒಯ್ಯಾಕತ್ತೀರೇನ್ರಿ?” ಎಂದರು.

“ಇಲ್ಲರಿ, ನನಗ.”

ಅವರು ನನ್ನ ಮಂಗಳಸೂತ್ರ ನೋಡಿದರು, ಮುಖ ನೋಡಿದರು, ಮತ್ತೆ ಮಂಗಳಸೂತ್ರ ನೋಡಿದರು. “ಮನ್ಯಾಗ ಯಾರೂ ಏನೂ ಅನ್ನಂಗಿಲ್ಲೇನ್ರಿ?”

“ಅಂತಾರ್ರಿ. ಆದ್ರ ನನ್ನ ಲಗ್ನ ಆಗಿ ಹೋಗೇತಿ. ಈಗ ವಾಪಸ್ ಕಳಸಾಕ ಬರಂಗಿಲ್ಲಲ್ರಿ.”

ಯುವಕ ಜೋರಾಗಿ ನಕ್ಕ. ತಾಯಿ ನಗಲಿಲ್ಲ.

ಕಾರ್ಡು ಸರಿ ಇದೆಯೆಂದು ತೋರಿಸಲು ಅವನು ನನ್ನದೇ ಕಾರ್ ರೇಸ್ ಹಚ್ಚಿದ. ಎರಡು ನಿಮಿಷದಲ್ಲಿ ನನಗೆ ಖಾತ್ರಿಯಾಯಿತು, ಸಾಕು ಎಂದೆ. ಅವನು ನಿಲ್ಲಿಸಲಿಲ್ಲ, ಆ ರೇಸನ್ನು ಕೊನೆಯವರೆಗೆ ಓಡಿಸಿ ಗೆದ್ದ. ಆಮೇಲೆ ಕಂಪ್ಯೂಟರ್ ಬಂದ್ ಮಾಡಿ, ಕಾರ್ಡು ಬಿಚ್ಚಿ, ಬೀಗರಿಗೆಂದು ತಂದಿಟ್ಟಿದ್ದ ಹೊಸ ಟವೆಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ತಾಯಿ ಟವೆಲಿನ ಬಗ್ಗೆ ಏನೋ ಹೇಳಲು ಬಾಯಿ ತೆರೆದವರು ಮಗನ ಮುಖ ನೋಡಿ, ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದರು. ಆ ಮನೆಯ ಹೊಸ ಬಣ್ಣದ ಮೇಲೆ ನನಗೆ ಸಿಟ್ಟು ಬಂತು. ಸೊಸೈಟಿಯ ಪಗಾರದಲ್ಲಿ ತಾನೇ ಕೊಂಡ ಒಂದು ಆಟಿಕೆಯನ್ನು ಕದ್ದ ಮಾಲಿನಂತೆ ಮಾರಬೇಕಾಗಿತ್ತು ಅವನು.

ಜೋಡಿಸುವ ಕೆಲಸವನ್ನು ಮೈದುನ ಯಾರಿಗೂ ಬಿಟ್ಟುಕೊಡಲಿಲ್ಲ. ಪಡಸಾಲೆಯಲ್ಲಿ ಚಾದರ ಹಾಸಿ, ಮೊಬೈಲಿನಲ್ಲಿ ವಿಡಿಯೋ ಹಚ್ಚಿ ಕುಳಿತ. ನಮ್ಮ ಮನೆಯವರು ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದು ನಿಂತರು. ಎಲ್ಲ ಮುಗಿದು ಬಟನ್ ಒತ್ತಿದಾಗ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಇತ್ತು. ಮೈದುನ ತಕ್ಷಣ ತೀರ್ಪು ಕೊಟ್ಟ: ಕಾರ್ಡು ಸತ್ತಿದೆ, ಮೂಡಲಗಿಯವನು ಮೋಸ ಮಾಡಿದ. ಅವನಿಗೆ ಫೋನ್ ಹಚ್ಚಿ, ಹೊರಗೆ ಹೋಗಿ ಬೈಯತೊಡಗಿದ.

ನಾನು ಕ್ಯಾಬಿನೆಟ್ಟಿನ ಹಿಂದೆ ಬಗ್ಗಿ ನೋಡಿದೆ. ಮಾನಿಟರಿನ ವೈರನ್ನು ಕಾರ್ಡಿಗೆ ಹಾಕುವ ಬದಲು ಮೇಲೆ ಮದರ್‌ಬೋರ್ಡಿಗೆ ಸಿಕ್ಕಿಸಿದ್ದ. ಅಲ್ಲಿಂದ ಕಿತ್ತು ಕಾರ್ಡಿಗೆ ಹಾಕಿದೆ, ಪರದೆ ಬೆಳಗಿತು. ಅಂಗಳದಲ್ಲಿ ಬೈಗುಳ ಇನ್ನೂ ನಡೆದೇ ಇತ್ತು. ನಾನು ಕೂಗಿ ಕರೆದೆ. ಒಳಗೆ ಬಂದು ಪರದೆ ನೋಡಿದವನು ಫೋನಿನಲ್ಲಿ ಗಂಭೀರವಾಗಿ, “ಇರಲಿ ಬಿಡ್ರಿ, ನಾವ ರಿಪೇರಿ ಮಾಡ್ಕೊಂಡ್ವಿ” ಎಂದ.

ನಾನು ಫೋನ್ ಕಸಿದುಕೊಂಡು, ನಿಮ್ಮ ತಪ್ಪು ಏನೂ ಇಲ್ಲ, ಕ್ಷಮಿಸಿ ಎಂದೆ. ಅವನಿಗೆ ಬೇಸರವಾದಂತೆ ಕಾಣಲಿಲ್ಲ. ಮೊದಲು ಯಾವ ಗಾಡಿ ಓಡಿಸುತ್ತೀರಿ ಎಂದಷ್ಟೇ ಕೇಳಿದ.

ಈಗ ಮನೆಗೆ ಬಂದವರಿಗೆಲ್ಲ ನಮ್ಮ ಮನೆಯವರು ಕಂಪ್ಯೂಟರ್ ತೋರಿಸಿ, ತಮ್ಮನೇ ಸ್ವಂತ ಕೈಯಿಂದ ಮಾಡಿದ್ದು ಎನ್ನುತ್ತಾರೆ. ಮೈದುನನೂ ತಡೆಯುವುದಿಲ್ಲ. ಒಂದೆರಡು ಸಲ ವೈರಿನ ಕಥೆ ಹೇಳಲು ಹೋಗಿ, ಯಾರಿಗೂ ಬೇಡವಾದ್ದರಿಂದ ಬಿಟ್ಟೆ.

ಕಳೆದ ತಿಂಗಳು ಒಂದು ಸಂಜೆ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಕೊಣ್ಣೂರಿನಿಂದ ಬಂದರು. ಮಗ ಮೊಬೈಲ್ ಗೇಮು ಬಿಡುತ್ತಿಲ್ಲ, ನೀವಾದರೂ ಬುದ್ಧಿ ಹೇಳಿ ಎಂದು ಕೇಳಿಕೊಂಡರು. ಒಳಗಿನ ಕೋಣೆಯಲ್ಲಿ ನಾನು ಹಾಗೇ ಬಿಟ್ಟು ಬಂದಿದ್ದ ಕಾರು ಗುರುಗುಡುತ್ತಿತ್ತು. ಅದೇನು ಸಪ್ಪಳ ಎಂದು ಕೇಳಿದರು.

“ನಮ್ಮ ಮೈದುನರಿ,” ಎಂದೆ. “ಕಂಪ್ಯೂಟರ್ ತಾನ ಕೈಯಾರೆ ಮಾಡ್ಯಾನ.”

ಅಷ್ಟರಲ್ಲಿ ಅವನೇ ಒಳಗಿನಿಂದ ಬಂದ. ಆ ತಂದೆ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, ಮದುವೆಯಾಗಿದೆಯೇ ಎಂದು ವಿಚಾರಿಸಿ, ಇನ್ನು ಮದುವೆಯಾಗಬೇಕಾದವನು, ಇಂಥ ಚಟ ಒಳ್ಳೆಯದಲ್ಲ ಎಂದು ಬಹಳ ಹೊತ್ತು ಬುದ್ಧಿ ಹೇಳಿದರು. ಅವನು ನನ್ನ ಕಡೆ ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡ. ನಾನು ಇಬ್ಬರಿಗೂ ಚಹಾ ಇಡಲು ಒಳಗೆ ಹೋದೆ.