ನೂರ ಮೂವತ್ತೆಂಟು ಡಿಗ್ರಿ

ಕಾದ ಪ್ಯಾರಫಿನ್ ಎಣ್ಣೆಗೆ ಹೇಳಿಕೊಳ್ಳುವಂಥ ವಾಸನೆಯೇನೂ ಇಲ್ಲ. ಆಗಷ್ಟೇ ಆರಿದ ದೀಪದ ಬತ್ತಿ, ಬಿಸಿಯಾದ ರಬ್ಬರು, ಸ್ವಲ್ಪ ಧೂಳು, ಇವೆಲ್ಲ ಕಲೆತಂತೆ ಇರುತ್ತದೆ. ಕೋಲ್ಕತ್ತಾದ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಪ್ರಯೋಗಾಲಯದ ಬಾಗಿಲು ತೆರೆದು ಆ ವಾಸನೆ ಮೂಗಿಗೆ ತಾಗಿದೊಡನೆ ಮೊದಲು ಅಮ್ಮ ನೆನಪಾಗುತ್ತಾಳೆ, ಬೆನ್ನಿಗೇ ಸಿಟ್ಟು ಬರುತ್ತದೆ. ಇಷ್ಟು ವರ್ಷಗಳಾದ ಮೇಲೂ.

ನಮ್ಮ ಮನೆ ಇದೇ ಊರಿನ ಕಸ್ಬಾ ಬಡಾವಣೆಯಲ್ಲಿ, ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿತ್ತು. ಕುಂದಾಪುರದ ಕಡೆಯವರು ನಾವು; ಅಪ್ಪನ ಬ್ಯಾಂಕು ನಮ್ಮನ್ನು ಇಲ್ಲಿಗೆ ತಂದು ಹಾಕಿತ್ತು. ಕೆಳಗಿನ ಮನೆಯಲ್ಲಿ ಸಾಸಿವೆ ಎಣ್ಣೆಗೆ ಇಲಿಶ್ ಮೀನು ಬೀಳುವ ಹೊತ್ತಿಗೆ ನಮ್ಮಲ್ಲಿ ಕುಚ್ಚಲಕ್ಕಿ ಗಂಜಿ ಕುದಿಯುತ್ತಿರುತ್ತಿತ್ತು. ಅಮ್ಮ ಚಟ್ನಿ ಅರೆದು, ನನ್ನ ಜಡೆ ಹೆಣೆದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಬಸ್ಸಿಗೆ ಓಡುತ್ತಿದ್ದಳು. ಮದುವೆಯಾಗಿ, ನಾನು ಹುಟ್ಟಿ ಶಾಲೆಗೆ ಸೇರಿದ ಮೇಲೆ ಅವಳು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಸೇರಿದ್ದಳು. ಆ ಓಟದಲ್ಲಿ ಎಂಥ ಸಂತೋಷವಿತ್ತು ಎಂದು ನನಗೆ ಈಗ ಗೊತ್ತಾಗುತ್ತದೆ. ಆ ಕಟ್ಟಡ ಈಗಿಲ್ಲ. ಅದರ ಜಾಗದಲ್ಲಿ ಗಾಜಿನ ಗೋಡೆಯ ಅಂಗಡಿಯೊಂದು ನಿಂತಿದೆ. ಅಡುಗೆಮನೆ ಯಾವ ಕಡೆಗಿತ್ತು ಎಂದು ಅಂದಾಜು ಮಾಡಲೂ ಆಗುವುದಿಲ್ಲ. ನಿಮಗೂ ಹಾಗೆ ಅಳಿಸಿಹೋದ ಮನೆಯೊಂದು ಇದ್ದೀತು.

ಶನಿವಾರ ನನಗೆ ಅರ್ಧ ದಿನ ಶಾಲೆ. ಮಧ್ಯಾಹ್ನ ಅಮ್ಮನ ಪ್ರಯೋಗಾಲಯಕ್ಕೆ ಹೋಗಿ ಎತ್ತರದ ಮರದ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಅವಳು ತಯಾರಿಸಿದ್ದ ಹೊಸ ದ್ರವವೊಂದರ ಕುದಿಬಿಂದು ಅಳೆಯುವ ಕೆಲಸ ಆಗ ನಡೆದಿತ್ತು. ಚಿಕ್ಕ ಗಾಜಿನ ಕೊಳವೆಯಲ್ಲಿ ನಾಲ್ಕೇ ಹನಿ ದ್ರವ. ಅದರೊಳಗೆ ಬಾಯಿ ಕೆಳಗಾಗಿ ಮುಳುಗಿಸಿದ, ಮೇಲ್ತುದಿ ಮುಚ್ಚಿದ ಎಳೆ ನಳಿಕೆ. ಅದನ್ನು ಥರ್ಮಾಮೀಟರಿಗೆ ಕಟ್ಟಿ ಎಣ್ಣೆಯಲ್ಲಿ ಇಳಿಬಿಟ್ಟು ಮೆಲ್ಲಗೆ ಕಾಯಿಸುತ್ತಿದ್ದಳು. ನಳಿಕೆಯ ಬಾಯಿಂದ ಗುಳ್ಳೆಗಳು ಮೊದಲು ಒಂದೊಂದಾಗಿ, ಆಮೇಲೆ ಮಣಿಸರದಂತೆ ಎಡೆಬಿಡದೆ ಬರುತ್ತಿದ್ದವು. ಆಗ ಬರ್ನರು ಸರಿಸಿ ಉಸಿರು ಬಿಗಿಹಿಡಿದು ನೋಡಬೇಕು. ತಣಿಯುತ್ತ ತಣಿಯುತ್ತ ಸರ ಕಡಿದು, ಕೊನೆಯ ಗುಳ್ಳೆಯೂ ನಿಂತು, ದ್ರವ ನಳಿಕೆಯೊಳಗೆ ಏರತೊಡಗಿದ ಕ್ಷಣದ ಅಂಕಿಯೇ ಕುದಿಬಿಂದು. ಅಮ್ಮ ಗುಳ್ಳೆ ನೋಡುತ್ತಿದ್ದಳು, ಅವಳು "ಈಗ" ಎಂದೊಡನೆ ನಾನು ಅಂಕಿ ಓದುತ್ತಿದ್ದೆ. ಪ್ರತಿ ಸಲವೂ ನೂರ ಮೂವತ್ತೆಂಟು. ಥರ್ಮಾಮೀಟರು ತಪ್ಪಿದೆಯೇನೋ ಎಂದು ಗೊತ್ತಿರುವ ದ್ರವವೊಂದನ್ನು ಕಾಯಿಸಿ ನೋಡಿದಳು, ತಪ್ಪಿರಲಿಲ್ಲ.

ತೊಂದರೆ ಏನೆಂದರೆ, ಅದೇ ವಸ್ತುವನ್ನು ಅವಳ ಗೈಡ್ ಹಿಂದೆ ತಯಾರಿಸಿ, ನೂರ ನಲವತ್ತೆರಡಕ್ಕೆ ಕುದಿಯುತ್ತದೆ ಎಂದು ಅಚ್ಚು ಹಾಕಿಸಿದ್ದರು. ಅಮ್ಮನದು ಸರಿಯಾದರೆ ಅವರದು ಶುದ್ಧವಾಗಿರಲಿಲ್ಲ ಎಂದಾಗುತ್ತಿತ್ತು. ಒಂದು ಶನಿವಾರ ಅವರು ನಾಲ್ಕೈದು ಜನ ವಿದ್ಯಾರ್ಥಿಗಳೊಂದಿಗೆ ಅಮ್ಮನ ಮೇಜಿನ ಬಳಿ ಬಂದರು. ಇಂಗ್ಲಿಷಿನಲ್ಲಿ ಬಹಳ ನಯವಾಗಿ, ಮನೆಗೆಲಸದ ನಡುವೆ ಕಣ್ಣು ದಣಿದಿರಬಹುದು, ಮತ್ತೊಮ್ಮೆ ನೋಡಿ ಎಂದರು. ಅಮ್ಮ ನೋಟ್‌ಬುಕ್ಕು ತೆರೆದು ಹನ್ನೊಂದು ಸಲದ ಲೆಕ್ಕ ತೋರಿಸಿದಳು. ಅವರು ಅದರ ಕಡೆ ಕಣ್ಣು ಹಾಯಿಸಲಿಲ್ಲ. ನನ್ನತ್ತ ಬಾಗಿ, ಜೇಬಿನಿಂದ ಚಾಕಲೇಟು ತೆಗೆದು ಕೈಗಿಟ್ಟು, ನಗುತ್ತ ಬಂಗಾಳಿಯಲ್ಲಿ ಕೇಳಿದರು: "ಬೋಲೋ ಮಾ, ಹೇಳು ಮಗಳೇ, ನೀನೇ ಓದಿದ್ದಲ್ಲವಾ? ನೂರ ನಲವತ್ತೆರಡು ತಾನೇ?"

ನಾನು ಹೌದೆಂದು ತಲೆಯಾಡಿಸಿದೆ. ನನಗೆ ಒಂಬತ್ತು ವರ್ಷ. ಅಷ್ಟು ದೊಡ್ಡವರಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅವರು ಗಹಗಹಿಸಿ ನಕ್ಕರು, ಸುತ್ತಲಿದ್ದವರೂ ನಕ್ಕರು. ಅಮ್ಮ ನಗಲಿಲ್ಲ, ನನ್ನನ್ನು ನೋಡಲೂ ಇಲ್ಲ. ಬರ್ನರಿನ ಅನಿಲ ನಿಲ್ಲಿಸಿ, ಮೇಜಿನ ಅಂಚು ಹಿಡಿದು ನಿಂತಳು.

ಮನೆಯಲ್ಲಿ ಅಪ್ಪ ಎಲ್ಲ ಕೇಳಿಸಿಕೊಂಡು, "ನಾಲ್ಕು ಡಿಗ್ರಿಯಲ್ಲಿ ಎಂತ ಉಂಟು ಮಾರಾಯ್ತಿ? ಬರೆದು ಕೊಟ್ಟುಬಿಡು" ಎಂದರು.

"ನಾನು ಕಾಣದ್ದನ್ನು ಕಂಡೆ ಅಂತ ಬರೆಯುವುದಿಲ್ಲ" ಎಂದಳು ಅಮ್ಮ. ಅಷ್ಟೇ.

ವರ್ಷದ ಕೊನೆಗೆ ಅವಳ ಪಿಎಚ್‌ಡಿ ಅವಧಿ ಮುಂದುವರಿಸುವ ಕಾಗದಕ್ಕೆ ಗೈಡ್ ಸಹಿ ಹಾಕಲಿಲ್ಲ. ಪ್ರಗತಿ ಸಾಲದು ಎಂದು ಬರೆದರು. ನೋಟ್‌ಬುಕ್ಕು ಪ್ರಯೋಗಾಲಯದ ಸ್ವತ್ತು ಎಂದು ಅದನ್ನೂ ಇಟ್ಟುಕೊಂಡರು. ಮೇಲೆ ಹೇಳಿಕೊಳ್ಳೋಣವೆಂದರೆ ವಿಭಾಗದ ಮುಖ್ಯಸ್ಥರೂ ಅವರೇ. ಅಮ್ಮ ಮನೆಯ ಊಟದ ಮೇಜಿನ ಸುತ್ತ ಮಕ್ಕಳನ್ನು ಕೂರಿಸಿಕೊಂಡು ಟ್ಯೂಷನ್ ಹೇಳತೊಡಗಿದಳು. ಬೆಳಗಿನ ಆ ಓಟ ನಿಂತುಹೋಯಿತು. ಅಪ್ಪ ಈಗ ನನ್ನ ಜೊತೆಗೇ ಇದ್ದಾರೆ. ಆ ಮಾತು ಎತ್ತಿದರೆ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ಅವರ ಮೇಲೂ ನನಗೆ ಸಿಟ್ಟಿದೆ.

ನಾನು ಎಂಎಸ್ಸಿ ಓದುವಾಗ ಅಮ್ಮ ಆಸ್ಪತ್ರೆ ಸೇರಿದಳು. ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೆ ನಾನು ಅಂದು ತಲೆಯಾಡಿಸಿದ್ದನ್ನು ಎತ್ತಿ ಕ್ಷಮೆ ಕೇಳಿದೆ. ಅವಳು ನನ್ನ ಕೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡಳು.

"ನೀನು ಚಿಕ್ಕವಳಿದ್ದೆ ಮಗಾ. ಅವರು ಚಿಕ್ಕವರಿರಲಿಲ್ಲ," ಎಂದಳು. ಆಮೇಲೆ, "ನಾನು ಅವರನ್ನು ಕ್ಷಮಿಸಲಿಲ್ಲ. ನೀನೂ ನನ್ನ ಹೆಸರಲ್ಲಿ ಕ್ಷಮಿಸಬೇಡ" ಎಂದಳು.

ಕಳೆದ ಚಳಿಗಾಲದಲ್ಲಿ ಅಮ್ಮನ ಆ ಗೈಡ್ ತೀರಿಕೊಂಡರು. ವಿಶ್ವವಿದ್ಯಾಲಯದಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ನಮ್ಮ ಕಾಲೇಜಿನಿಂದ ನಾನೂ ಹೋಗಬೇಕಾಯಿತು. ರಜನೀಗಂಧದ ಹಾರ ಹಾಕಿದ ಪಟ, ಅವರ ಪ್ರಾಮಾಣಿಕತೆಯ ಬಗ್ಗೆ ಒಂದರ ಹಿಂದೊಂದು ಭಾಷಣ. ಕೊನೆಗೆ ಒಂದು ನಿಮಿಷದ ಮೌನಕ್ಕೆ ಎಲ್ಲರೂ ಎದ್ದು ನಿಂತರು. ನಾನು ಏಳಲಿಲ್ಲ. ಎದುರಿನ ಬೆನ್ನುಗಳನ್ನೇ ನೋಡುತ್ತ ಕುಳಿತಿದ್ದೆ. ಸಭೆ ಮುಗಿದಾಗ ಪಕ್ಕದಲ್ಲಿದ್ದ ಸಂಶೋಧನಾ ವಿದ್ಯಾರ್ಥಿನಿ, ಮೈಗೆ ಹುಷಾರಿಲ್ಲವೇ ಎಂದು ಮೆಲ್ಲಗೆ ಕೇಳಿದಳು.

ಚೆನ್ನಾಗಿದ್ದೇನೆ ಎಂದೆ. ಇಲ್ಲಿ ಹಿಂದೆ ಸುಮಿತ್ರಾ ಎಂಬವರೊಬ್ಬರು ಕೆಲಸ ಮಾಡುತ್ತಿದ್ದರು ಎಂದೆ. ಹೆಸರು ಕೇಳಿಲ್ಲ ಎಂದಳು ಆ ಹುಡುಗಿ. ಕುರ್ಚಿಗಳನ್ನು ಎಳೆದು ಒಂದರ ಮೇಲೊಂದು ಪೇರಿಸುವ ಸದ್ದು ಶುರುವಾಗಿತ್ತು. ಅವಳಿಗೆ ಕೇಳಲಿ ಎಂದು ನಾನು ಅಮ್ಮನ ಹೆಸರನ್ನು ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳಿದೆ.