ಇನ್ನೊಂಚೂರು ಹಿಂದೆ

ಊರಿನವರೆಲ್ಲ ಅವನನ್ನು ಇನ್ನೊಂಚೂರಪ್ಪ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಅದು ಈಗ ಬ್ಯಾಂಕಿನವರಿಗೆ ಮಾತ್ರ ಬೇಕು. ಅವನ ಕಸುಬು ವಿಡಿಯೋ ತೆಗೆಯುವುದು. ಹೊಸ ಅಂಗಡಿ ತೆರೆದವರು, ಮನೆ ಬಾಡಿಗೆಗೆ ಕೊಡುವವರು, ಹಾಡು ಕಲಿಸುವವರು, ಯಾರು ಕರೆದರೂ ಹೋಗುವನು. ಹೋಗಿ ಕ್ಯಾಮೆರಾ ಎತ್ತಿ ಹಿಡಿದು "ಇನ್ನೊಂಚೂರು, ಇನ್ನೊಂಚೂರು" ಎಂದು ಗೊಣಗುತ್ತಾ ಹಿಂದಕ್ಕೆ ಹೆಜ್ಜೆ ಇಡುವನು. ಅವನು ಮುಂದಕ್ಕೆ ಹೋಗಿ ಚಿತ್ರ ತೆಗೆದದ್ದನ್ನು ಕಂಡವರಿಲ್ಲ.

ಇದಕ್ಕೆಲ್ಲ ಕಾರಣ ಒಂದು ಲೆನ್ಸ್. ಹೊಟ್ಟೆಬಟ್ಟೆ ಕಟ್ಟಿ ಅವನು ಕೊಂಡದ್ದು ಅಂಗೈಯಲ್ಲಿ ಕೂರುವಂಥ ಮಿರರ್‌ಲೆಸ್ ಕ್ಯಾಮೆರಾ. ಅದರೊಳಗೆ ಚಿತ್ರ ಬೀಳುವ ಸೆನ್ಸರ್ ಸಣ್ಣದು. ಕ್ಯಾಮೆರಾ ಕೊಳ್ಳುವಷ್ಟರಲ್ಲೇ ಕೈ ಬರಿದಾಗಿತ್ತು. ಹಾಗಾಗಿ ಹಳೆಯ ಕ್ಯಾಮೆರಾ ಸಾಮಾನು ಮಾರುವವನ ಹತ್ತಿರ ರೀಲು ಕಾಲದ ಒಂದು ಐವತ್ತು ಎಂಎಂ ಲೆನ್ಸ್ ಹಿಡಿದ. ಗಾಜು ಫಳಫಳ, ಮಬ್ಬುಗತ್ತಲಲ್ಲೂ ಬೆಳಕು ಹೀರುವಂಥದ್ದು, ಬಿಟ್ಟಿಗೆ ಸಿಕ್ಕ ಹಾಗೆ ಸಿಕ್ಕಿತು. "ಐವತ್ತರದ್ದು ಅಂದ್ರೆ ಕಣ್ಣಿಗೆ ಹೇಗೆ ಕಾಣುತ್ತೋ ಹಾಗೇ ಕಾಣುತ್ತೆ ಕಣ್ರೀ" ಎಂದ ಅಂಗಡಿಯವನು. ಸುಳ್ಳೇನಲ್ಲ. ಆದರೆ ಅದು ರೀಲಿನ ಕ್ಯಾಮೆರಾಕ್ಕೆ ಹೇಳುವ ಮಾತು. ಸಣ್ಣ ಸೆನ್ಸರ್ ಲೆನ್ಸ್ ಕೊಟ್ಟ ಚಿತ್ರದ ನಡುವಿನ ತುಂಡನ್ನಷ್ಟೇ ಎತ್ತಿಕೊಂಡು ಸುತ್ತಲಿನದನ್ನೆಲ್ಲ ಬಿಟ್ಟುಬಿಡುತ್ತದೆ. ಅಲ್ಲಿಗೆ ಐವತ್ತರದ್ದು ನೂರರದ್ದರ ಹಾಗೆ ಆಡತೊಡಗುತ್ತದೆ. ದೂರದ್ದು ಹತ್ತಿರ ಬರುತ್ತದೆ, ಹತ್ತಿರದ್ದು ಮೂಗಿಗೇ ಬಂದು ಅಂಟುತ್ತದೆ. ಇದು ಅವನಿಗೆ ತಿಳಿದದ್ದು ಮನೆಗೆ ಬಂದು ಕ್ಯಾಮೆರಾವನ್ನು ಹೆಂಡತಿಯ ಕಡೆ ತಿರುಗಿಸಿದಾಗ. ಪರದೆಯ ತುಂಬ ಅವಳ ಒಂದು ಹುಬ್ಬು ಕಾಣಿಸಿತು, ಅದೂ ಗಂಟಿಕ್ಕಿದ್ದು.

ಹೆಂಡತಿ ಬಸ್ ಕಂಡಕ್ಟರ್. ದಿನವಿಡೀ "ಮುಂದೆ ಹೋಗ್ರೀ, ಮುಂದೆ ಜಾಗ ಇದೆ" ಎಂದು ಕೂಗಿ ಗಂಟಲು ಒಣಗಿಸಿಕೊಂಡು ಬರುವವಳು. ಮನೆಯಲ್ಲಿ ನೋಡಿದರೆ ಗಂಡ ಹಿಂದೆ ಹಿಂದೆ ನಡೆದು ಬಟ್ಟೆ ನೆನೆಸಿದ ಬಕೆಟ್ಟಿನಲ್ಲಿ ಕಾಲಿಟ್ಟಿರುವನು. "ನಾನು ಮುಂದೆ ಅಂತೀನಿ, ನೀವು ಹಿಂದೆ ಅಂತೀರಿ. ನಮ್ಮ ಸಂಸಾರದ ಗಾಡಿ ನಿಂತಲ್ಲೇ ನಿಂತಿರೋದು ಇದಕ್ಕೇ" ಎಂದು ನಗುವಳು. ಆ ಹಳೆಯ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಸೇರಿಸಲು ನಡುವೆ ಬಳೆಯಂಥ ಅಡಾಪ್ಟರ್ ಒಂದು ಬೇಕಾಯಿತು. ಎರಡೂ ಸೇರಿ ಕ್ಯಾಮೆರಾಕ್ಕಿಂತ ತೂಕವಾದವು. ಮೂಗಿಗಿಂತ ಮೂಗುತಿ ಭಾರ ಎಂದಳು ಅದಕ್ಕೂ.

ಕೆಲಸಕ್ಕೆ ಹೋದಲ್ಲೆಲ್ಲ ಇದೇ ಪಾಡು. ಮನೆ ಬಾಡಿಗೆಯ ದಲ್ಲಾಳಿಯೊಬ್ಬ ಒಂದು ಕೋಣೆಯ ಮನೆಯ ವಿಡಿಯೋ ಮಾಡಿಕೊಡು ಎಂದು ಕರೆದ. ಇನ್ನೊಂಚೂರಪ್ಪ ಗೋಡೆಗೆ ಬೆನ್ನು ಹಚ್ಚಿದ, ಬಾಗಿಲಾಚೆ ಹೋದ, ಮೆಟ್ಟಿಲಿಳಿದ, ಕೊನೆಗೆ ಎದುರು ಮನೆಯ ಗೇಟಿಗೆ ಒರಗಿ ನಿಂತು ಚಿತ್ರ ತೆಗೆದ. ದಲ್ಲಾಳಿ ಅದನ್ನು ನೋಡಿ, "ಮನೆ ತೋರಿಸಪ್ಪಾ ಅಂದ್ರೆ ಬಾಗಿಲ ಚಿಲಕ ತೋರಿಸಿದೀಯಲ್ಲ, ಚಿಲಕಕ್ಕೆ ಯಾರು ಬಾಡಿಗೆ ಕೊಡ್ತಾರೆ?" ಎಂದ. ಹಲ್ಲಿನ ಡಾಕ್ಟರ ಹೊಸ ಕ್ಲಿನಿಕ್ಕಿನಲ್ಲಂತೂ ಹಿಂದೆ ಹೋಗಿ ಹೋಗಿ ರೋಗಿಯ ಕುರ್ಚಿಯಲ್ಲೇ ಕುಸಿದು ಕೂತ. ಆದರೂ ಕ್ಯಾಮೆರಾ ಇಳಿಸಲಿಲ್ಲ, ಬಾಯಿ ತೆರೆದುಕೊಂಡೇ ಚಿತ್ರ ತೆಗೆಯುತ್ತಿದ್ದ. ಡಾಕ್ಟರು ಇಣುಕಿ, "ಹೇಗೂ ತೆರೆದಿದೀರಿ, ಆ ಕೊನೇ ಹಲ್ಲು ಹುಳುಕಾಗಿದೆ ನೋಡಿ, ಕೀಳಿಸಿಬಿಡೋದು ಒಳ್ಳೇದು" ಎಂದರು. ಸಂಪಾದನೆಗೆಂದು ಹೋದವನು ಹಲ್ಲು ಕಳೆದುಕೊಂಡು ಬಂದ.

ಇಂಥವನಿಗೆ ಒಬ್ಬಳು ಅಕ್ಕ. ಅಕ್ಕನದು ರಫೂ ಅಂಗಡಿ. ಹರಿದ ಬಟ್ಟೆಗೆ ಅದೇ ಬಟ್ಟೆಯ ಮಡಿಕೆಯಿಂದ ಎಳೆ ತೆಗೆದು, ಹರಿದಿತ್ತೇ ಎಂದು ಅನುಮಾನ ಬರುವ ಹಾಗೆ ಹೆಣೆದು ಕೊಡುವ ಕೆಲಸ. ಔಷಧಿ ಅಂಗಡಿಗೂ ಪಾತ್ರೆ ಅಂಗಡಿಗೂ ನಡುವೆ ಒಂದು ಬೀರು ನಿಲ್ಲಿಸುವಷ್ಟು ಜಾಗ. ಅದರಲ್ಲಿ ಒಂದು ಸ್ಟೂಲು, ಒಂದು ಟ್ಯೂಬ್‌ಲೈಟು, ಮೊಳೆಗೆ ನೇತುಬಿದ್ದ ಕೋಟುಗಳು, ಅವುಗಳ ನಡುವೆ ಅಕ್ಕ. ಅಪ್ಪ ಅಮ್ಮ ಬೇಗ ಹೋಗಿಬಿಟ್ಟ ಮೇಲೆ ಅದೇ ಸೂಜಿಯಿಂದ ತಮ್ಮನನ್ನು ಸಾಕಿದಳು. ತಾನು ಮದುವೆಯ ತಂಟೆಗೇ ಹೋಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಗಿರಾಕಿಗಳು ಬಿಡಲಿಲ್ಲ" ಎನ್ನುವಳು. ಈಗ ಬೆರಳ ಗಂಟುಗಳು ಹಿಡಿದುಕೊಂಡು ಸೂಜಿ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಭಾನುವಾರ ತಮ್ಮನ ಮನೆಗೆ ಊಟಕ್ಕೆ ಬಂದವಳು ಸುದ್ದಿ ಹೇಳಿದಳು.

"ಬರೋ ಶನಿವಾರ ಅಂಗಡಿ ಬಾಗಿಲು ಹಾಕ್ತೀನಿ ಕಣೋ. ಇನ್ನು ಸಾಕು."

"ಆಮೇಲೆ ಏನ್ ಮಾಡ್ತೀಯಕ್ಕ?"

"ಏನ್ ಮಾಡೋದು, ಕೂತ್ಕೋತೀನಿ. ಸುಮ್ಮನೆ ಕೂರೋದು ಹೇಗೆ ಅಂತ ಯಾರನ್ನಾದರೂ ಕೇಳಿ ಕಲೀಬೇಕು."

ನಗುನಗುತ್ತಲೇ ಹೇಳಿದಳು. ಆದರೆ ಅವಳ ಬೆರಳು ಮೇಜಿನ ಬಟ್ಟೆಯ ಅಂಚಿನಲ್ಲಿ ಸಡಿಲವಾದ ಎಳೆ ಹುಡುಕುತ್ತಿತ್ತು. ಇನ್ನೊಂಚೂರಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟ. ಊರಿನ ಕಂಡಕಂಡವರ ವಿಡಿಯೋ ಮಾಡಿದ್ದ, ಹಲ್ಲಿನ ಡಾಕ್ಟರ ಕುರ್ಚಿಯನ್ನೂ ಬಿಟ್ಟಿರಲಿಲ್ಲ, ಆದರೆ ಅಕ್ಕ ಕೆಲಸ ಮಾಡುವ ಒಂದು ತುಣುಕೂ ಅವನ ಹತ್ತಿರ ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಆ ಕೈಯನ್ನು, ಆ ಕೈ ಕೆಲಸ ನಿಲ್ಲಿಸುವ ಮೊದಲು, ಹೇಗಾದರೂ ಹಿಡಿದಿಟ್ಟುಕೊಳ್ಳಬೇಕು ಎಂದು ಅವನ ಜೀವ ಹಟ ಹಿಡಿಯಿತು.

ಮಾರನೆಯ ದಿನವೇ ಅಂಗಡಿಗೆ ಹೋದ. ಒಳಗೆ ಕಾಲಿಟ್ಟು ಕ್ಯಾಮೆರಾ ಹಿಡಿದರೆ ಅಕ್ಕನ ಕಿವಿಯೊಂದು ಪರದೆ ತುಂಬಿತು. ಹಿಂದೆ ಸರಿಯಲು ಜಾಗವಿಲ್ಲ. ಬೆನ್ನಿಗೆ ಯಾರದೋ ಕೋಟಿನ ಗುಂಡಿ ಒತ್ತುತ್ತಿತ್ತು. ಅದು ಹಾಗಿರಲಿ ಎಂದರೆ ಅಕ್ಕ ಕ್ಯಾಮೆರಾ ಕಂಡಕೂಡಲೇ ಗರ ಬಡಿದವಳಂತಾದಳು. ಕತ್ತು ಸೆಟೆಯಿತು, ಸೂಜಿ ಗಾಳಿಯಲ್ಲಿ ನಿಂತಿತು.

"ಉಸಿರಾಡಕ್ಕ."

"ಆಡ್ತಾ ಇದೀನಲ್ಲೋ" ಎಂದಳು, ತುಟಿ ಅಲ್ಲಾಡಿಸದೆ.

ಲೆನ್ಸ್ ಬದಲಾಯಿಸದೆ ಗತಿಯಿಲ್ಲ ಎಂದುಕೊಂಡು ಅವನು ಹಳೆಯ ಸಾಮಾನಿನ ಅಂಗಡಿಗೆ ನಡೆದ. ಅಕ್ಕನ ಅಂಗಡಿಯ ಸಣ್ಣ ಜಾಗ, ಮಂಕು ಟ್ಯೂಬ್‌ಲೈಟು, ಜೇಬಿನಲ್ಲಿ ಹೆಚ್ಚೇನಿಲ್ಲ ಎಂದು ಮೂರನ್ನೂ ಒಂದೇ ಉಸಿರಿಗೆ ಹೇಳಿದ. ಅಂಗಡಿಯವನು ಮೊದಲು ಒಂದು ಪುಟ್ಟ ಜೂಮ್ ಲೆನ್ಸ್ ತೆಗೆದಿಟ್ಟ, ತಾನೇ ಅದನ್ನು ವಾಪಸು ಎತ್ತಿಟ್ಟ. "ಇದು ಬಿಸಿಲಿಗೆ ಬಂಗಾರ, ಟ್ಯೂಬ್‌ಲೈಟಿಗೆ ಬೂದಿ. ನಿಮ್ಮಕ್ಕನ ಮುಖದ ಮೇಲೆ ರವೆ ಚೆಲ್ಲಿದ ಹಾಗೆ ಬರುತ್ತೆ." ಆಮೇಲೆ ಗೋಡೆಗೆ ಹಾಕುವ ಕಾವಲು ಕ್ಯಾಮೆರಾದ ಲೆನ್ಸೊಂದನ್ನು ತೋರಿಸಿದ. ಬೆಲೆಯಲ್ಲಿ ಅದಕ್ಕಿಂತ ಅಗ್ಗದ್ದು ಬೇರಿಲ್ಲ, ಆದರೆ ಚಿತ್ರದ ಅಂಚೆಲ್ಲ ಸುಳಿ ಸುತ್ತಿದಂತೆ ತಿರುಗುತ್ತಿತ್ತು. ಅಕ್ಕ ನೀರಿಗೆ ಬಿದ್ದವಳ ಹಾಗೆ ಕಂಡರೆ ಏನು ಗತಿ? ಬೇಡ ಎಂದ. ಕೊನೆಗೆ ಹೊರಬಂದದ್ದು ಹನ್ನೆರಡು ಎಂಎಂನ ಒಂದು ಗಿಡ್ಡ ಲೆನ್ಸ್. ಅಗಲ ನೋಟ, ಒಳ್ಳೆಯ ಬೆಳಕು, ಫೋಕಸ್ ಮಾತ್ರ ಕೈಯಿಂದಲೇ ತಿರುಗಿಸಬೇಕು.

"ಚಿತ್ರದ ಮೂಲೆ ಮಸುಕು ಬರುತ್ತಲ್ಲ?" ಎಂದ ಇನ್ನೊಂಚೂರಪ್ಪ.

"ಫೋಟೋ ಆದ್ರೆ ಜನ ಮೂಲೆ ನೋಡಿ ಮೂಗು ಮುರೀತಾರೆ. ವಿಡಿಯೋದಲ್ಲಿ ಮೂಲೆ ಯಾರು ನೋಡ್ತಾರ್ರೀ? ಅಲ್ಲಾಡೋದನ್ನ ನೋಡ್ತಾರೆ. ಕೈ ಅಲ್ಲಾಡಿದ್ರೆ ಕೈ ನೋಡ್ತಾರೆ. ತಗೊಂಡ್ ಹೋಗಿ."

ಹೆಂಡತಿಗೆ ಫೋನು ಮಾಡಿದ. ಬಸ್ಸಿನ ಗದ್ದಲದ ನಡುವೆ ಅವಳು, "ಅತ್ತಿಗೆಗೋಸ್ಕರ ತಾನೇ? ತಗೊಳ್ಳಿ. ಮುಂದೆ ಹೋಗ್ರೀ! ನಿಮಗಲ್ಲ, ಇಲ್ಲಿ ಇನ್ನೊಬ್ರಿಗೆ ಹೇಳಿದ್ದು" ಎಂದಳು.

ಆದರೆ ವಾರವೆಲ್ಲ ಒಂದಲ್ಲ ಒಂದು ಕೆಲಸ ಬಂದು, ಹೊಸ ಲೆನ್ಸ್ ಹೊತ್ತು ಅಕ್ಕನ ಅಂಗಡಿ ಮುಟ್ಟಿದಾಗ ಶನಿವಾರವೇ ಆಗಿತ್ತು. ಲೆನ್ಸ್ ಮೋಸ ಮಾಡಲಿಲ್ಲ. ಅಕ್ಕ, ಸ್ಟೂಲು, ಕೋಟು, ಟ್ಯೂಬ್‌ಲೈಟು ಎಲ್ಲ ಒಂದೇ ಚಿತ್ರದಲ್ಲಿ ಕೂತವು. ಒಂದೇ ತೊಂದರೆ, ಅಗಲ ಲೆನ್ಸಿಗೆ ತೀರ ಹತ್ತಿರ ಬಂದದ್ದು ಊದಿಕೊಳ್ಳುತ್ತದೆ. ಅಕ್ಕ ಪರದೆ ನೋಡಿದಳು.

"ಇದೇನೋ ಮುಖದ ಮಧ್ಯೆ ಬದನೆಕಾಯಿ?"

"ನಿನ್ನ ಮೂಗಕ್ಕ. ಹತ್ತಿರದಿಂದ ಹಾಗೆ ಕಾಣುತ್ತೆ. ಅದನ್ನ ನೋಡ್ಬೇಡ, ನಿನ್ನ ಪಾಡಿಗೆ ಹೊಲಿ."

ಅವಳ ಪಾಡಿಗೆ ಹೊಲಿಯುವುದೇ? ಒಂದು ಕೈ ಮೂಗಿಗೆ ಅಡ್ಡ ಹಿಡಿದಳು, ಇನ್ನೊಂದು ಕೈ ಸೂಜಿ ಕೆಳಗೆ ಹಾಕಿತು. ಸೂಜಿ ಹುಡುಕಲು ಇಬ್ಬರೂ ಬಗ್ಗಿ ತಲೆಗೆ ತಲೆ ಹೊಡೆದುಕೊಂಡರು. ಕೊನೆಯ ಗಿರಾಕಿಯ ಕೋಟು ಸಂಜೆಗೆ ಕೊಡಬೇಕಿತ್ತು, ಬೆರಳು ನೋಯುತ್ತಿತ್ತು, ಅಕ್ಕನ ತಾಳ್ಮೆ ಅಲ್ಲಿಗೆ ಮುಗಿಯಿತು. "ಹೋಗೋ ಆಚೆ. ಕೊನೇ ದಿನ ನೆಟ್ಟಗೆ ಕೆಲಸ ಮಾಡೋಕೆ ಬಿಡು ನನ್ನ."

ಇನ್ನೊಂಚೂರಪ್ಪ ಆಚೆ ಬಂದ. ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಅಳು ಬಂದಿತ್ತು. ರಸ್ತೆ ದಾಟಿ ಎದುರಿನ ಟೈರು ಅಂಗಡಿಯ ಮುಂದೆ ನಿಂತುಕೊಂಡ. ಏನು ಮಾಡಬೇಕೋ ತೋಚದೆ, ಅಭ್ಯಾಸಬಲದಿಂದ ಹೊಸ ಲೆನ್ಸ್ ಬಿಚ್ಚಿ ಹಳೆಯ ಐವತ್ತರದ್ದನ್ನೇ ಹಾಕಿದ. ಸುಮ್ಮನೆ ಎತ್ತಿ ನೋಡಿದ.

ಅಕ್ಕ ಸರಿಯಾಗಿ ಕೂತಿದ್ದಳು. ಅಂಗಡಿಯ ಬಾಗಿಲು ಫೋಟೋಕ್ಕೆ ಕಟ್ಟು ಹಾಕಿಸಿದ ಹಾಗೆ ಅವಳ ಸುತ್ತ ನಿಂತಿತ್ತು, ಮೂಗು ಮೂಗಿನಷ್ಟೇ ಇತ್ತು. ಕ್ಯಾಮೆರಾ ತೊಲಗಿತೆಂದು ಅವಳ ಭುಜ ಇಳಿದಿತ್ತು. ನಡುವೆ ಬಸ್ಸು, ಸ್ಕೂಟರು ಹಾದುಹೋಗುತ್ತಿದ್ದವು, ಹೋದ ಮೇಲೆ ಮತ್ತೆ ಅಕ್ಕ. ಎಳೆಯನ್ನು ತುಟಿಗೆ ತಾಕಿಸಿ ಸೂಜಿಗೆ ಪೋಣಿಸಿದಳು, ನೋಯುವ ಬೆರಳನ್ನು ಒಮ್ಮೆ ಮಡಿಸಿ ಬಿಡಿಸಿದಳು, ಮತ್ತೆ ಕೋಟಿನ ಮೇಲೆ ಬಗ್ಗಿದಳು. ಇನ್ನೊಂಚೂರಪ್ಪ ಉಸಿರು ಬಿಗಿಹಿಡಿದು ಫೋಕಸ್ ತಿರುಗಿಸುತ್ತಾ ಚಿತ್ರ ತೆಗೆಯುತ್ತಲೇ ಹೋದ. ಇಷ್ಟು ದಿನ ಬೈಸಿಕೊಂಡ ಲೆನ್ಸನ್ನು ಮುದ್ದಿಡಬೇಕು ಅನ್ನಿಸಿತು. ಕೋಟು ಮುಗಿಯುವ ಹೊತ್ತಿಗೆ ಅವನಿಗೆ ಆಸೆ ಹೆಚ್ಚಾಯಿತು. ಬಾಗಿಲ ಮೇಲಿನ ಬಣ್ಣ ಮಾಸಿದ ಬೋರ್ಡೂ ಬಂದರೆ? ಇನ್ನೊಂಚೂರು ಎಂದ. ಹಿಂದೆ ಹೆಜ್ಜೆ ಇಟ್ಟ. ಇನ್ನೊಂಚೂರು.

ಬೆನ್ನಿಗೆ ಕಣ್ಣಿಲ್ಲ ನೋಡಿ. ಹಿಂದೆ ಹಳೆಯ ಟೈರುಗಳ ರಾಶಿ ಇತ್ತು. ಕುಂಡೆ ಟೈರಿನೊಳಗೆ, ಮಂಡಿ ಗಲ್ಲಕ್ಕೆ, ಕಾಲು ಆಕಾಶಕ್ಕೆ. ಟೈರು ಅಂಗಡಿಯವನು ಎರಡೂ ಕೈ ಹಿಡಿದು ಜಗ್ಗಿದರೂ ಟೈರೂ ಜೊತೆಗೇ ಬಂತು. ಕ್ಯಾಮೆರಾ ಎದೆಯ ಮೇಲೆ ಓಡುತ್ತಲೇ ಇತ್ತು.

ಅಂದು ಸಂಜೆ ಅಂಗಡಿಗೆ ಬೀಗ ಬಿತ್ತು. ಅಕ್ಕ ತಮ್ಮನ ಮನೆಗೇ ಬಂದಳು. ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡ ಇನ್ನೊಂಚೂರಪ್ಪ ಇಬ್ಬರು ಹೆಂಗಸರನ್ನೂ ಕಂಪ್ಯೂಟರಿನ ಮುಂದೆ ಕೂರಿಸಿ ವಿಡಿಯೋ ಹಾಕಿದ. ಅಕ್ಕ ಮೊದಲು ತನ್ನ ಕೂದಲು ನೋಡಿ ನಕ್ಕಳು, ಆಮೇಲೆ ತನ್ನ ಕೈ ನೋಡಿ ಪರದೆಯ ಹತ್ತಿರಕ್ಕೆ ಬಗ್ಗಿದಳು. ಹೆಂಡತಿ ಮಾತ್ರ ಕಂಡಕ್ಟರ್ ಕಣ್ಣಿನವಳು, ಅವಳಿಗೆ ಬೇರೇನೋ ಕಂಡಿತು.

"ಅತ್ತಿಗೆ, ಇದೇನಿದು, ನಾಲ್ಕು ಹೊಲಿಗೆ ಹಾಕೋದು, ತಲೆ ಎತ್ತಿ ರಸ್ತೆ ನೋಡೋದು, ಮತ್ತೆ ನಾಲ್ಕು ಹೊಲಿಗೆ ಹಾಕೋದು. ಯಾರಿಗಾದರೂ ಕಾಯ್ತಿದ್ರಾ?"

ಫೋಕಸ್ಸಿನ ಗಡಿಬಿಡಿಯಲ್ಲಿ ಇನ್ನೊಂಚೂರಪ್ಪ ಅದನ್ನು ಗಮನಿಸಿಯೇ ಇರಲಿಲ್ಲ. ಈಗ ನೋಡಿದರೆ ಹೌದು. ಅಕ್ಕ ತಲೆ ಎತ್ತುತ್ತಾಳೆ, ಆ ಕಡೆ ಈ ಕಡೆ ನೋಡುತ್ತಾಳೆ, ಮತ್ತೆ ಸೂಜಿಗೆ ಬಗ್ಗುತ್ತಾಳೆ.

"ಅಯ್ಯೋ, ಅದಾ? ಅದು ಅಭ್ಯಾಸ ಕಣಮ್ಮ" ಎಂದಳು ಅಕ್ಕ. "ಇವನು ಚಿಕ್ಕೋನಿದ್ದಾಗ ಆ ರಸ್ತೇಲೇ ಆಡ್ತಿದ್ದ. ಗಾಡಿಗಳು ಓಡಾಡೋ ಜಾಗ. ನಾಲ್ಕು ಹೊಲಿಗೆಗೊಂದು ಸಲ ಎಲ್ಲಿದಾನೆ ಅಂತ ನೋಡ್ತಿದ್ದೆ."

"ಈಗ ಇವರಿಗೆ ತಲೆ ನರೆತಿದೆಯಲ್ಲ ಅತ್ತಿಗೆ."

"ನನ್ನ ಕತ್ತಿಗೆ ಗೊತ್ತಾಗ್ಬೇಕಲ್ಲ ಅದು?"

ಇನ್ನೊಂಚೂರಪ್ಪ ಚೀಲ ಸರಿಮಾಡಿಕೊಳ್ಳುವ ನೆವದಲ್ಲಿ ಆ ಕಡೆ ತಿರುಗಿದ. ವಿಡಿಯೋ ಓಡುತ್ತಿತ್ತು. ಅಕ್ಕ ಇನ್ನೊಮ್ಮೆ ತಲೆ ಎತ್ತಿದಳು. ಈ ಸಲ ಎದುರು ಬದಿಯಲ್ಲಿ ತಮ್ಮ ಕಂಡ. ನೇರ ಲೆನ್ಸಿನೊಳಗೇ ನೋಡಿದಳು, ಸೆಟೆಯಲಿಲ್ಲ, ಮುಖ ಅರಳಿತು. ಮರುಕ್ಷಣ ಅವಳ ಕಣ್ಣು ಅವನ ಹಿಂದಕ್ಕೆ ಹೋಯಿತು. ಕೋಟು ಬಿಸಾಡಿ ಎದ್ದಳು, ಕೈ ಬೀಸಿದಳು, ಗಾಡಿಗಳ ಸದ್ದಿನಲ್ಲಿ ಬಾಯಿ ಏನೋ ಕೂಗಿತು. ಬೋರ್ಡು ಚಿತ್ರದೊಳಗೆ ಬಂತು, ಚಿತ್ರ ತಲೆಕೆಳಗಾಯಿತು, ಆಕಾಶ ಕಾಣಿಸಿತು. ಎಲ್ಲಿಯೋ ಗಾಡಿಯೊಂದು ಬ್ರೇಕು ಹಾಕಿ ಹಾರನ್ ಬಾರಿಸಿತು. ಆಮೇಲೆ ಆಕಾಶಕ್ಕೆ ಅಡ್ಡವಾಗಿ ಅಕ್ಕನ ಮುಖ, ಫೋಕಸ್ ತಪ್ಪಿ ಬರೀ ಮಂಜು ಮಂಜು. "ಬಿದ್ಯೇನೋ ಮಗನೇ, ಎಲ್ಲಿ ಪೆಟ್ಟಾಯ್ತೋ" ಎಂಬ ದನಿ ಮಾತ್ರ ಸ್ಪಷ್ಟವಾಗಿತ್ತು.

ಫೋಕಸ್ ತಪ್ಪಿದ ಒಂದು ತುಣುಕನ್ನೂ ಉಳಿಸುವ ಜಾತಿಯಲ್ಲ ಅವನು. ಅದನ್ನು ಮಾತ್ರ ಕತ್ತರಿಸಲಿಲ್ಲ.

ವಿಡಿಯೋ ಮುಗಿಯಿತು. ಆಮೇಲೆ ಅಕ್ಕ ಕೇಳಿದಳು. "ನಾನೇನೋ ಬಾಗಿಲು ಹಾಕ್ಕೊಂಡು ಬಂದೆ. ಇನ್ಮೇಲೆ ನೀನು ಹಿಂದೆ ಹಿಂದೆ ಹೋಗೋವಾಗ ನೋಡೋರು ಯಾರೋ?"

"ನೀನೇ ನೋಡು, ನನ್ನ ಜೊತೆ ಬಾ" ಎಂದ ಅವನು. ತಮಾಷೆಗೆ ಅಂದನೋ ನಿಜಕ್ಕೂ ಅಂದನೋ ಅವನಿಗೇ ಗೊತ್ತಿರಲಿಲ್ಲ. ಆದರೆ ಸೋಮವಾರ ಬೆಳಿಗ್ಗೆ ಅಕ್ಕ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಈಗ ಕೋಣೆಗಳಿಗೆಲ್ಲ ಅವನು ಅಗಲ ಲೆನ್ಸ್ ಹಾಕುತ್ತಾನೆ. ದಲ್ಲಾಳಿ ಕೂಡ ಚಿಲಕದ ಜೊತೆ ಮನೆಯೂ ಬಂತು ಎಂದು ಒಪ್ಪಿಕೊಂಡಿದ್ದಾನೆ. ಮನುಷ್ಯರಿಗೆ ಮಾತ್ರ ಆ ಹಳೆಯ ಐವತ್ತರದ್ದೇ. ಅದನ್ನು ಹಾಕಿದ ದಿನ ಅವನ ಹಿಂದೆ ಅಕ್ಕ ನಿಂತಿರುತ್ತಾಳೆ. ಸೂಜಿ ಹಿಡಿಯಲಾರದ ಬೆರಳುಗಳು ತಮ್ಮನ ಅಂಗಿಯ ಅಂಚನ್ನು ಭದ್ರವಾಗಿ ಹಿಡಿದಿರುತ್ತವೆ. ಅವನು ಕ್ಯಾಮೆರಾದಿಂದ ಕಣ್ಣು ತೆಗೆಯುವುದಿಲ್ಲ, ಅವಳು ದಾರಿಯಿಂದ ಕಣ್ಣು ತೆಗೆಯುವುದಿಲ್ಲ. ಮೆಟ್ಟಿಲಿದ್ದರೆ ಅಂಗಿ ಜಗ್ಗುತ್ತಾಳೆ, ಇಲ್ಲದಿದ್ದರೆ ಮೆಲ್ಲಗೆ ಹೇಳುತ್ತಾಳೆ.

"ಬಾ, ಇನ್ನೊಂಚೂರು ಬಾ. ಹಿಂದೆ ನಾನಿದೀನಿ."